ಬೈಗುಳದ ಮೆಸೇಜಿಗೆ ಉತ್ತರ ಬರೆಯುವ ಮೊದಲು

ಉಪವಾಸದಲ್ಲಿರುವವನನ್ನು ಯಾರಾದರೂ ಬೈದರೆ ಅವನು ತಿರುಗಿ ಬೈಯಬಾರದು, ತಾನು ಉಪವಾಸಿಗನೆಂದು ತಿಳಿಸಿ ಸುಮ್ಮನಾಗಬೇಕು ಎಂಬ ಪ್ರವಾದಿವರ್ಯರ (ಸ) ಬೋಧನೆ ನಮಗೆಲ್ಲ ಮದ್ರಸದ ದಿನಗಳಿಂದಲೇ ಗೊತ್ತು. ಎದುರು ನಿಂತು ಬೈದಾಗ ನಮ್ಮಲ್ಲಿ ಹೆಚ್ಚಿನವರು ಇದನ್ನು ಪಾಲಿಸುತ್ತಾರೆ ಕೂಡ. ಆದರೆ ಅದೇ ಬೈಗುಳ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಬೆರಳು ಸುಮ್ಮನಿರುವುದಿಲ್ಲ. ತರಾವೀಹ್ ಮುಗಿಸಿ ಬಂದು, ಕ್ಯಾಂಪಿನ ಮಂಚದಲ್ಲಿ ಮಲಗಿಕೊಂಡು, ಒಂದಕ್ಕೆ ನಾಲ್ಕು ಸೇರಿಸಿ ವಾಯ್ಸ್ ಮೆಸೇಜ್ ಕಳುಹಿಸುತ್ತೇವೆ. ಫೋನಿನಲ್ಲಿ ಬೈದದ್ದು ಬೈದ ಹಾಗಲ್ಲ ಎಂಬ ಒಂದು ಭಾವನೆ ನಮ್ಮಲ್ಲಿ ಬೇರೂರಿದೆ. ನಾವು ದುಡಿಯುತ್ತಿರುವ ಈ ದೇಶದ ಕಾನೂನು ಇದಕ್ಕೆ ಪೂರ್ತಿ ವಿರುದ್ಧವಾಗಿದೆ.

ನಾನು ವಕೀಲನಲ್ಲ, ಲೆಕ್ಕ ಬರೆಯುವವನು. ಆದರೆ ಠಾಣೆಯಿಂದ ಫೋನ್ ಬಂದರೂ, ಅರಬಿಯಲ್ಲಿ ಒಂದು ಕಾಗದ ಬಂದರೂ ಹುಡುಗರು ಮೊದಲು ಬರುವುದು ಆಫೀಸಿನಲ್ಲಿ ಕುಳಿತ ನಮ್ಮಂತಹವರ ಬಳಿಗೆ. ಆದ್ದರಿಂದ ಈ ಕಾನೂನನ್ನು ಓದಿಕೊಂಡಿದ್ದೇನೆ. ಅನ್ಯಾಯಕ್ಕೊಳಗಾದವನು ಸಿಟ್ಟಿನಲ್ಲಿ ತಾನೇ ಆರೋಪಿಯಾಗಿಬಿಡುವುದು ಹೇಗೆ, ಹಾಗಾಗದಂತೆ ನ್ಯಾಯ ಕೇಳುವುದು ಹೇಗೆ ಎಂಬುದಷ್ಟೇ ಈ ಪಾಠದ ವಿಷಯ.

ಯುಎಇಯಲ್ಲಿ ಇದಕ್ಕೆ ಸಂಬಂಧಪಟ್ಟದ್ದು 2021ರ 34ನೇ ಫೆಡರಲ್ ಡಿಕ್ರಿ ಕಾನೂನು, ಅಂದರೆ ವದಂತಿ ಮತ್ತು ಸೈಬರ್ ಅಪರಾಧಗಳನ್ನು ತಡೆಯುವ ಕಾನೂನು. 2012ರ ಹಳೆಯ ಕಾನೂನಿನ ಸ್ಥಾನದಲ್ಲಿ ಇದು 2022ರ ಜನವರಿ 2ರಿಂದ ಜಾರಿಗೆ ಬಂದಿದೆ. ಇದರ 43ನೇ ವಿಧಿಯ ಪ್ರಕಾರ ಇಂಟರ್‌ನೆಟ್ ಅಥವಾ ಫೋನಿನ ಮೂಲಕ ಒಬ್ಬನನ್ನು ಬೈದರೆ, ಅಥವಾ ಜನರು ಅವನನ್ನು ಕೀಳಾಗಿ ಕಾಣುವಂತಹ ವಿಷಯವನ್ನು ಅವನ ಮೇಲೆ ಹೊರಿಸಿದರೆ ಸೆರೆವಾಸ, ಇಲ್ಲವೇ 2,50,000ದಿಂದ 5,00,000 ದಿರ್ಹಮ್ ವರೆಗೆ ದಂಡ, ಇಲ್ಲವೇ ಎರಡೂ. ತಿಂಗಳಿಗೆ 1,500 ದಿರ್ಹಮ್ ಸಂಬಳದವನಿಗೆ ಕನಿಷ್ಠ ದಂಡವೆಂದರೆ ಸುಮಾರು 167 ತಿಂಗಳ ಸಂಬಳ. ಊಟಕ್ಕೆ ಒಂದು ದಿರ್ಹಮ್ ಖರ್ಚು ಮಾಡದೆ, ಊರಿಗೆ ಒಂದು ರೂಪಾಯಿ ಕಳುಹಿಸದೆ ದುಡಿದರೂ ಹತ್ತಿರ ಹತ್ತಿರ 14 ವರ್ಷ. ನ್ಯಾಯಾಧೀಶರು ಪ್ರತಿ ಪ್ರಕರಣವನ್ನು ನೋಡಿಯೇ ತೀರ್ಮಾನಿಸುತ್ತಾರೆ, ಎಲ್ಲರ ಮೇಲೂ ಇದೇ ಮೊತ್ತ ಬೀಳುತ್ತದೆ ಎಂದಲ್ಲ. ಆದರೆ ಕಾನೂನಿನಲ್ಲಿ ಬರೆದಿರುವ ಅಂಕಿ ಇದು. ಶಿಕ್ಷೆಯಾದ ವಿದೇಶಿಯನನ್ನು ಗಡೀಪಾರು ಮಾಡುವ ಅಧಿಕಾರವೂ ನ್ಯಾಯಾಲಯಕ್ಕಿದೆ.

ಇಲ್ಲಿ ಊರಿನ ಲೆಕ್ಕ ನಡೆಯುವುದಿಲ್ಲ. ನಮ್ಮ ದೇಶದಲ್ಲಿ ಮಾನಹಾನಿ ಎನಿಸಬೇಕಾದರೆ ಮಾತು ಮೂರನೆಯವನ ಕಿವಿಗೆ ಬಿದ್ದಿರಬೇಕು. ಇಲ್ಲಿ ಹಾಗಿಲ್ಲ. ನಿಮ್ಮಿಬ್ಬರ ನಡುವಿನ ಖಾಸಗಿ ಚಾಟ್‌ನಲ್ಲಿ ಬೈದರೂ ಅದು ಬೈಗುಳವೇ. 2015ರಲ್ಲಿ ಸಹೋದ್ಯೋಗಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಬೈದ ಒಬ್ಬನಿಗೆ ಕೆಳಗಿನ ನ್ಯಾಯಾಲಯ 3,000 ದಿರ್ಹಮ್ ದಂಡ ಹಾಕಿತ್ತು. ಕಾನೂನು ಹೇಳುವ ಮೊತ್ತಕ್ಕೆ ಇದು ತೀರಾ ಕಡಿಮೆಯಾಯಿತೆಂದು ಫೆಡರಲ್ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಒಪ್ಪದೆ ಮರುವಿಚಾರಣೆಗೆ ಕಳುಹಿಸಿತು. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಬ್ಯಾರಿಯಲ್ಲಿ, ತುಳುವಿನಲ್ಲಿ ಬೈದರೆ ಇಲ್ಲಿನ ಪೊಲೀಸರಿಗೆ ಹೇಗೆ ಗೊತ್ತಾದೀತು ಎನ್ನುವವರಿದ್ದಾರೆ. ಅನುವಾದಕರು ಇರುವುದೇ ಅದಕ್ಕೆ.

ಈಗ ಸನ್ನಿವೇಶಗಳಿಗೆ ಬರೋಣ. ರಾತ್ರಿ ಪಾಳಿ ಮುಗಿಸಿ ಬಂದ ಒಬ್ಬ ಹುಡುಗ ಹಗಲು ಬಾಯಿ ತೆರೆದು ಮಲಗಿದ್ದಾನೆ ಎಂದಿಟ್ಟುಕೊಳ್ಳಿ. ರೂಮಿನ ಇನ್ನೊಬ್ಬ ಫೋಟೊ ತೆಗೆದು, ಅದಕ್ಕೆ ಕತ್ತೆಯ ಕಿವಿ ಅಂಟಿಸಿ, ಸ್ಟಿಕ್ಕರ್ ಮಾಡಿ ಗ್ರೂಪಿಗೆ ಬಿಡುತ್ತಾನೆ. ಎಲ್ಲರೂ ನಗುತ್ತಾರೆ. ಮರುದಿನ ಸ್ಟಿಕ್ಕರ್ ಊರಿನ ಗ್ರೂಪಿಗೆ ಹೋಗುತ್ತದೆ. ವಾರದೊಳಗೆ ಆ ಹುಡುಗನಿಗೆ ಒಂದು ಅಡ್ಡಹೆಸರು ಅಂಟಿಕೊಳ್ಳುತ್ತದೆ, ಅವನಿಗೆ ನಿಶ್ಚಯವಾದ ಹೆಣ್ಣಿನ ಮನೆಯವರೂ ಅದನ್ನು ನೋಡುತ್ತಾರೆ. ಅವನು ಮೆಸ್ಸಿಗೆ ಬರುವುದನ್ನು ನಿಲ್ಲಿಸುತ್ತಾನೆ, ಒಂದು ದಿನ ಸುಪ್ರವೈಸರ್ ಬಳಿ ಹೋಗಿ ವೀಸಾ ಕ್ಯಾನ್ಸಲ್ ಮಾಡಿಸಿ ಎನ್ನುತ್ತಾನೆ. ಹಿರಿಯರಿಗೆ ತಿಳಿದರೆ "ಬಿಡು ಮಾರಾಯ, ಮಕ್ಕಳು ತಮಾಷೆ ಮಾಡಿದ್ದು" ಎನ್ನುತ್ತಾರೆ.

ಇದು ತಮಾಷೆಯಲ್ಲ. ಒಬ್ಬನ ಒಪ್ಪಿಗೆಯಿಲ್ಲದೆ ಅವನ ಖಾಸಗಿತನಕ್ಕೆ ನುಗ್ಗಿ ಫೋಟೊ ತೆಗೆಯುವುದು, ಹಂಚುವುದು 44ನೇ ವಿಧಿಯ ಅಪರಾಧ. ಕನಿಷ್ಠ ಆರು ತಿಂಗಳು ಸೆರೆ, ಇಲ್ಲವೇ 1,50,000ದಿಂದ 5,00,000 ದಿರ್ಹಮ್ ದಂಡ, ಇಲ್ಲವೇ ಎರಡೂ. ಅವಮಾನಿಸುವ ಉದ್ದೇಶದಿಂದ ಆ ಫೋಟೊವನ್ನು ತಿದ್ದಿದ್ದರೆ ಸೆರೆ ಕನಿಷ್ಠ ಒಂದು ವರ್ಷ, ದಂಡ 2,50,000ದಿಂದ ಶುರು. ಅಂದರೆ ಕತ್ತೆಯ ಕಿವಿ ಅಂಟಿಸಿದ್ದರಿಂದ ಅಪರಾಧ ಹಗುರವಾಗಲಿಲ್ಲ, ಭಾರವಾಯಿತು. ಪರಸ್ಪರ ಅಪಹಾಸ್ಯ, ಅಡ್ಡಹೆಸರು, ಗೂಢಚರ್ಯೆ, ಗೀಬತ್ ಇವೆಲ್ಲವನ್ನೂ ಸೂರಃ ಅಲ್ ಹುಜುರಾತ್ ಒಂದರ ಹಿಂದೊಂದರಂತೆ ಬರುವ ಎರಡು ವಚನಗಳಲ್ಲಿ ನಿಷೇಧಿಸಿದೆ. ಒಂದು ಸ್ಟಿಕ್ಕರಿನಲ್ಲಿ ಇವುಗಳಲ್ಲಿ ಎಷ್ಟು ಸೇರಿಕೊಂಡಿವೆ ಎಂದು ಓದುಗರೇ ಎಣಿಸಬಹುದು.

ಎರಡನೆಯ ಸನ್ನಿವೇಶ ನನ್ನ ಕಸುಬಿಗೆ ಹತ್ತಿರದ್ದು, ಮತ್ತು ಒಳ್ಳೆಯ ಮನುಷ್ಯರೂ ಸಿಕ್ಕಿಬೀಳುವುದು ಇಲ್ಲಿಯೇ. ಒಬ್ಬ 6,000 ದಿರ್ಹಮ್ ಕೈಸಾಲ ಪಡೆದು ಕೊಡುತ್ತಿಲ್ಲ, ಫೋನ್ ಎತ್ತುತ್ತಿಲ್ಲ. ಕೊಟ್ಟವನು ಸಿಟ್ಟಿನಲ್ಲಿ ಅವನ ಪಾಸ್‌ಪೋರ್ಟಿನ ಪ್ರತಿಯನ್ನೂ ಫೋಟೊವನ್ನೂ ಊರಿನವರ ಗ್ರೂಪಿಗೆ ಹಾಕಿ, "ಈ ಮೋಸಗಾರನಿಂದ ಎಚ್ಚರ, ಎಲ್ಲರೂ ಶೇರ್ ಮಾಡಿ" ಎಂದು ಬರೆಯುತ್ತಾನೆ. ಇದ್ದದ್ದನ್ನೇ ಹೇಳಿದ್ದೇನೆ, ತಪ್ಪೇನು ಎಂಬುದು ಅವನ ವಾದ. 44ನೇ ವಿಧಿ ಈ ವಾದದ ಬಾಯಿ ಮುಚ್ಚಿಸುತ್ತದೆ. ಒಬ್ಬನಿಗೆ ಹಾನಿ ಮಾಡುವ ಉದ್ದೇಶದಿಂದ ಅವನ ಬಗ್ಗೆ ಸುದ್ದಿ, ಚಿತ್ರ, ಮಾಹಿತಿ ಪ್ರಕಟಿಸಿದರೆ, ಅದು ನಿಜವೇ ಆಗಿದ್ದರೂ ಅಪರಾಧ. ಸಾಲಗಾರ ಠಾಣೆಗೆ ಹೋಗಿ ದೂರು ಕೊಟ್ಟರೆ ಹಣ ಕಳೆದುಕೊಂಡವನೇ ಆರೋಪಿಯ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ. ಸಾಲ ವಸೂಲಿಗೆ ಸಿವಿಲ್ ನ್ಯಾಯಾಲಯವಿದೆ. ಅಲ್ಲಿ ಕೇಳುವುದು ಬರಹವನ್ನು, ಬ್ಯಾಂಕ್ ವರ್ಗಾವಣೆಯ ರಸೀದಿಯನ್ನು. ಸಾಲವನ್ನು ಬರೆದಿಡಿ ಎಂಬ ಆದೇಶ ಇರುವುದು ಕುರ್‌ಆನಿನ ಅತಿ ದೀರ್ಘ ವಚನದಲ್ಲಿ. ನಾವು ಮಾತ್ರ ದೋಸ್ತಿಯಲ್ಲಿ ಕಾಗದವೇಕೆ ಎಂದು ಕೊಟ್ಟು, ಆಮೇಲೆ ದೋಸ್ತಿಯನ್ನೂ ಹಣವನ್ನೂ ಗ್ರೂಪಿನಲ್ಲಿ ಹರಾಜಿಗಿಡುತ್ತೇವೆ.

ಮೂರನೆಯದು ಬೆದರಿಕೆ. ಅಪರಿಚಿತ ಹೆಣ್ಣಿನ ಹೆಸರಿನಲ್ಲಿ ವಿಡಿಯೊ ಕಾಲ್ ಬರುತ್ತದೆ. ಮರುಕ್ಷಣವೇ ರೆಕಾರ್ಡಿಂಗ್ ಕಳುಹಿಸಿ, ಹಣ ಕೊಡದಿದ್ದರೆ ನಿನ್ನ ಹೆಂಡತಿಗೆ, ಜಮಾಅತಿನವರಿಗೆ ಕಳುಹಿಸುತ್ತೇನೆ ಎನ್ನುತ್ತಾರೆ. ಕೆಲವೊಮ್ಮೆ ನಮ್ಮ ಮುಖವನ್ನು ಯಾರದೋ ದೇಹಕ್ಕೆ ಅಂಟಿಸಿದ ಸುಳ್ಳು ಚಿತ್ರವಿರುತ್ತದೆ. 42ನೇ ವಿಧಿಯಲ್ಲಿ ಇಂತಹ ಬ್ಲ್ಯಾಕ್‌ಮೇಲ್‌ಗೆ ಎರಡು ವರ್ಷದವರೆಗೆ ಸೆರೆ, 2,50,000ದಿಂದ 5,00,000 ದಿರ್ಹಮ್ ದಂಡವಿದೆ. ಮಾನಕ್ಕೆ ಕುಂದು ತರುವ ವಿಷಯದ ಬೆದರಿಕೆ ಹಾಕಿ ಏನನ್ನಾದರೂ ಕೇಳಿದರೆ ಸೆರೆ ಹತ್ತು ವರ್ಷದವರೆಗೆ ಹೋಗಬಹುದು. ಇಲ್ಲಿ ಮಾಡಬೇಕಾದ್ದು ಕೆಲವೇ ಕೆಲಸ. ಒಂದು ದಿರ್ಹಮ್ ಕೂಡ ಕೊಡಬೇಡಿ, ಮೊದಲ ಕಂತು ಕೊಟ್ಟವನಿಗೆ ಎರಡನೆಯದು ತಪ್ಪುವುದಿಲ್ಲ. ಹಣ ಕಳುಹಿಸಲು ಅವರು ಕೊಟ್ಟ ಅಕೌಂಟ್ ನಂಬರ್, ಪ್ರೊಫೈಲಿನ ಲಿಂಕ್ ತೆಗೆದಿಡಿ. ಅದೇ ದಿನ ದೂರು ಕೊಡಿ. ಚಿತ್ರ ಹರಡುವ ಭಯವಿದ್ದರೆ ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಜಾಲತಾಣವಿದೆ. ನಿಮ್ಮ ಚಿತ್ರವನ್ನು ಅದು ಪಡೆಯುವುದಿಲ್ಲ, ನಿಮ್ಮ ಫೋನಿನಲ್ಲೇ ಚಿತ್ರಕ್ಕೊಂದು ಸಂಕೇತ ಮಾಡಿ, ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂತಹ ಕಂಪೆನಿಗಳು ಅದನ್ನು ಗುರುತಿಸಿ ತಡೆಯಲು ನೆರವಾಗುತ್ತದೆ. ರೂಮಿನವರಿಗೂ ಒಂದು ಮಾತು. ಹೀಗೆ ಸಿಕ್ಕಿಬಿದ್ದವನನ್ನು ಆ ರಾತ್ರಿ ಒಂಟಿಯಾಗಿ ಬಿಡಬೇಡಿ. ಪಾಠ ಹೇಳುವುದಕ್ಕೆ ಆಮೇಲೆ ಬೇಕಾದಷ್ಟು ಸಮಯವಿದೆ. ನಾಚಿಕೆಯ ಭಾರಕ್ಕೆ ಜೀವ ಕಳೆದುಕೊಳ್ಳುವ ಯೋಚನೆ ಬರುವುದು ಇಂತಹ ರಾತ್ರಿಗಳಲ್ಲೇ.

ಇನ್ನು ಸಾಕ್ಷ್ಯದ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ವೋಚರ್ ಇಲ್ಲದ ಲೆಕ್ಕವನ್ನು ಆಡಿಟರ್ ಹೇಗೆ ಒಪ್ಪುವುದಿಲ್ಲವೋ ಹಾಗೆಯೇ ಇದೂ. ಬೈಗುಳ ಬಂದ ಕೂಡಲೇ ನಮ್ಮವರು ಮಾಡುವುದು ಎರಡೇ ಕೆಲಸ, ಒಂದೋ ತಿರುಗಿ ಬೈಯುವುದು, ಇಲ್ಲವೇ ಬೇಸರದಿಂದ ಚಾಟ್ ಅಳಿಸಿ ಬ್ಲಾಕ್ ಮಾಡುವುದು. ಮೊದಲನೆಯದರಿಂದ ಎದುರಾಳಿಗೆ ನಿಮ್ಮ ಮೇಲೆ ದೂರು ಕೊಡಲು ಬೇಕಾದ ಸಾಕ್ಷ್ಯ ಸಿಗುತ್ತದೆ. ಎರಡನೆಯದರಿಂದ ನಿಮ್ಮ ಸಾಕ್ಷ್ಯ ಹೋಗುತ್ತದೆ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಅದರಲ್ಲಿ ತಾರೀಕು, ಸಮಯ ಕಾಣಬೇಕು. ನಂಬರನ್ನು ನೀವು "ಹಮೀದ್ ರೂಮ್" ಎಂದೋ ಮತ್ತೇನೋ ಎಂದೋ ಸೇವ್ ಮಾಡಿದ್ದರೆ ಚಾಟಿನಲ್ಲಿ ಆ ಹೆಸರು ಮಾತ್ರ ಕಾಣುತ್ತದೆ, ಆದ್ದರಿಂದ ಕಾಂಟ್ಯಾಕ್ಟ್ ತೆರೆದು ಪೂರ್ಣ ನಂಬರಿನ ಚಿತ್ರವನ್ನೂ ಬೇರೆಯಾಗಿ ತೆಗೆಯಿರಿ. ನಿಮಗೆ ಬೇಕಾದ ಸಾಲನ್ನಷ್ಟೇ ಕತ್ತರಿಸಬೇಡಿ, ಹಿಂದೆ ಮುಂದೆ ನಡೆದ ಮಾತೂ ಇರಲಿ. ಇನ್ನೊಬ್ಬರ ಫೋನಿನಿಂದ ನಿಮ್ಮ ಫೋನಿನ ಪರದೆಯನ್ನು, ಚಾಟನ್ನು ಮೇಲಿಂದ ಕೆಳಗೆ ಸರಿಸುತ್ತಾ ಒಂದು ವಿಡಿಯೊ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಗ್ರೂಪಿನಲ್ಲಿ ಮೆಸೇಜು ತಾನಾಗಿಯೇ ಅಳಿಯುವ ವ್ಯವಸ್ಥೆ ಹಾಕಿದ್ದರೆ 24 ಗಂಟೆ, 7 ದಿನ ಅಥವಾ 90 ದಿನಗಳಲ್ಲಿ ಎಲ್ಲವೂ ಮಾಯವಾಗುತ್ತದೆ. ನಾಳೆ ನೋಡೋಣ ಎಂದವನಿಗೆ ನಾಳೆ ನೋಡಲು ಏನೂ ಇರುವುದಿಲ್ಲ. ಮೂಲ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಇವೆಲ್ಲ ಆದ ಮೇಲೆ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ.

ಈ ಸ್ಕ್ರೀನ್‌ಶಾಟುಗಳು ಹೋಗಬೇಕಾದ್ದು ಪೊಲೀಸರ ಬಳಿಗೆ ಮಾತ್ರ. "ನೋಡಿ ಇವನ ಬಾಯಿ" ಎಂದು ಇನ್ನೊಂದು ಗ್ರೂಪಿಗೆ ಹಾಕಿದಿರಾದರೆ ಪ್ರಕಟಿಸಿದವರು ನೀವಾಗುತ್ತೀರಿ. ಹಾಗೆಯೇ ಅವನು ಕಳುಹಿಸಿದ ವಾಯ್ಸ್ ಮೆಸೇಜನ್ನು ಇಟ್ಟುಕೊಳ್ಳಬಹುದು, ಆದರೆ ಅವನಿಗೆ ತಿಳಿಯದಂತೆ ಫೋನ್ ಕರೆಯನ್ನು ರೆಕಾರ್ಡ್ ಮಾಡಬೇಡಿ. ಒಪ್ಪಿಗೆಯಿಲ್ಲದ ರೆಕಾರ್ಡಿಂಗ್ ಕೂಡ 44ನೇ ವಿಧಿಯಲ್ಲೇ ಬರುತ್ತದೆ. ನಕಲಿ ಅಕೌಂಟಿನಿಂದ ಕಾಟ ಬರುತ್ತಿದ್ದರೆ ಇವನೇ ಇರಬೇಕು ಎಂದು ಊಹಿಸಿ ಯಾರ ಹೆಸರನ್ನೂ ಬಹಿರಂಗವಾಗಿ ಎತ್ತಬೇಡಿ. ಮೊಬೈಲ್ ಗೊತ್ತಿರುವ ಹುಡುಗನಿಂದ ಅವನ ಅಕೌಂಟ್ ಒಡೆಸುವುದಂತೂ ಬೇರೆಯೇ ಅಪರಾಧ. ಹುಡುಕುವುದು ಪೊಲೀಸರ ಕೆಲಸ.

ದೂರು ಕೊಡಲು ವಕೀಲರು ಬೇಕೇಬೇಕೆಂದಿಲ್ಲ. ದುಬೈಯಲ್ಲಿ ದುಬೈ ಪೊಲೀಸರ ಇ-ಕ್ರೈಮ್ ವ್ಯವಸ್ಥೆಯಲ್ಲಿ ಫೋನಿನಿಂದಲೇ ದೂರು ಬರೆಯಬಹುದು, ತುರ್ತಲ್ಲದ ವಿಚಾರಣೆಗೆ 901ಕ್ಕೆ ಕರೆ ಮಾಡಬಹುದು. ಅಬುಧಾಬಿಯಲ್ಲಿ ಅಮಾನ್ ಸೇವೆಯಿದೆ, ನಂಬರ್ 8002626. ಫೆಡರಲ್ ಪಬ್ಲಿಕ್ ಪ್ರಾಸಿಕ್ಯೂಷನ್‌ನ ಮೈ ಸೇಫ್ ಸೊಸೈಟಿ ಎಂಬ ಆ್ಯಪ್ ಕೂಡ ಇದೆ. ಅದೂ ಕಷ್ಟವಾದರೆ ಹತ್ತಿರದ ಠಾಣೆಗೆ ಎಮಿರೇಟ್ಸ್ ಐಡಿ ಮತ್ತು ಫೋನ್ ಹಿಡಿದುಕೊಂಡು ಹೋಗಿ. ಹೇಳಿಕೆಯನ್ನು ಅರಬಿಯಲ್ಲಿ ಬರೆದುಕೊಳ್ಳುತ್ತಾರೆ. ಹಿಂದಿ, ಉರ್ದು ಅಥವಾ ಮಲಯಾಳಂ ತಿಳಿದ ಅನುವಾದಕರಿಂದ ಅದನ್ನು ಓದಿಸಿ, ಅರ್ಥವಾದ ಮೇಲೆಯೇ ಸಹಿ ಹಾಕಿ. ದೂರಿನ ನಂಬರನ್ನು ಬರೆದಿಟ್ಟುಕೊಳ್ಳಿ. ಏನು ಮಾಡಬೇಕೆಂದೇ ತೋಚದವರು ಭಾರತೀಯ ದೂತಾವಾಸದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ 80046342ಗೆ ಕರೆ ಮಾಡಬಹುದು. ಉಚಿತ ಕರೆ, ಹಗಲು ರಾತ್ರಿ ಇರುತ್ತದೆ, ಕಾನೂನು ಸಲಹೆಗೂ ದಾರಿ ತೋರಿಸುತ್ತಾರೆ.

ಒಂದು ಗಡುವನ್ನು ಮಾತ್ರ ಮರೆಯಬೇಡಿ. ಬೈಗುಳ, ಮಾನಹಾನಿಯಂತಹ, ನೊಂದವನೇ ದೂರು ಕೊಡಬೇಕಾದ ಅಪರಾಧಗಳಲ್ಲಿ, ಕೃತ್ಯವೂ ಅದನ್ನು ಮಾಡಿದವನೂ ತಿಳಿದ ದಿನದಿಂದ ಮೂರು ತಿಂಗಳೊಳಗೆ ದೂರು ಬರಬೇಕು. ರಮದಾನ್ ಕಳೆಯಲಿ, ಈದ್ ಕಳೆಯಲಿ, ಊರಿಗೆ ಎರಡು ತಿಂಗಳ ರಜೆ ಹೋಗಿ ಬಂದ ಮೇಲೆ ನೋಡೋಣ ಎಂದು ಮುಂದೂಡಿದರೆ ಬಾಗಿಲು ಮುಚ್ಚಿರುತ್ತದೆ.

ಕಾಟ ಕೊಡುವವನು ಫೋರ್‌ಮನ್ ಆಗಿದ್ದರೆ? ಸೈಟಿನ ಗ್ರೂಪಿನಲ್ಲಿ ನೂರು ಜನರ ಎದುರು ಹೆತ್ತವರನ್ನು ಸೇರಿಸಿ ಬೈಯುವ ಸುಪ್ರವೈಸರುಗಳು ಇದ್ದಾರೆ. ಇದನ್ನು ಕೆಲಸದ ಭಾಗವೆಂದು ನುಂಗಿಕೊಳ್ಳುವವರೇ ಹೆಚ್ಚು. 2021ರ 33ನೇ ಕಾರ್ಮಿಕ ಕಾನೂನಿನ 14ನೇ ವಿಧಿ, ಮಾಲಕನಾಗಲಿ ಮೇಲಧಿಕಾರಿಯಾಗಲಿ ಜೊತೆ ಕೆಲಸಗಾರನಾಗಲಿ ಕಾರ್ಮಿಕನನ್ನು ಪೀಡಿಸುವುದನ್ನು, ಮಾತಿನಿಂದ ಅಥವಾ ಮಾನಸಿಕವಾಗಿ ಹಿಂಸಿಸುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಮೊದಲು ಕಂಪೆನಿಯ ಎಚ್‌ಆರ್ ವಿಭಾಗಕ್ಕೆ ಇಮೇಲ್ ಮಾಡಿ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ದಾಖಲೆಯಿಲ್ಲ. ಅಲ್ಲಿ ಕೆಲಸವಾಗದಿದ್ದರೆ ಕಾರ್ಮಿಕ ಸಚಿವಾಲಯದ ದೂರು ಕೇಂದ್ರ 80084ಕ್ಕೆ ಕರೆ ಮಾಡಿ.

ಊರಿನಲ್ಲಿರುವ ಹೆಂಡತಿಗೆ, ತಂಗಿಗೆ ಯಾರಾದರೂ ಕಾಟ ಕೊಡುತ್ತಿದ್ದರೆ ನಾವು ಇಲ್ಲಿ ಕುಳಿತು ಕೈ ಹಿಸುಕಿಕೊಳ್ಳುತ್ತೇವೆ, ಇಲ್ಲವೇ ಬೆದರಿಕೆಯ ವಾಯ್ಸ್ ಕಳುಹಿಸಿ ಕೆಲಸ ಕೆಡಿಸುತ್ತೇವೆ. ಹೆಣ್ಣುಮಕ್ಕಳನ್ನು ಫೋನ್ ಇಟ್ಟುಬಿಡು ಎಂದು ಗದರುವವರೂ ಇದ್ದಾರೆ. ತಪ್ಪು ಮಾಡಿದವನು ಫೋನ್ ಬಳಸುತ್ತಲೇ ಇರುವಾಗ ಇವಳೇಕೆ ಇಡಬೇಕು? ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 78ರಲ್ಲಿ, ಹೆಣ್ಣಿಗೆ ಇಷ್ಟವಿಲ್ಲದಿದ್ದರೂ ಪದೇಪದೇ ಸಂಪರ್ಕಿಸುವುದು, ಆಕೆಯ ಇಂಟರ್‌ನೆಟ್ ಬಳಕೆಯನ್ನು ಹಿಂಬಾಲಿಸಿ ಗಮನಿಸುವುದು ಅಪರಾಧ. ಬೆದರಿಕೆಗೆ ಸೆಕ್ಷನ್ 351, ಮಾನಹಾನಿಗೆ 356 ಇವೆ. ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದರೆ, ಹಂಚಿದರೆ ಐಟಿ ಕಾಯ್ದೆಯ 66ಇ ಪ್ರಕಾರ ಮೂರು ವರ್ಷದವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ. ಹಿಂದೆ ಎಲ್ಲದಕ್ಕೂ ಹೇಳುತ್ತಿದ್ದ 66ಎ ಈಗ ಇಲ್ಲ, ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ದೂರನ್ನು ಕರ್ನಾಟಕದ ಸೆನ್ ಠಾಣೆಯಲ್ಲಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಕೊಡಬಹುದು. ಹೆಣ್ಣುಮಕ್ಕಳ, ಮಕ್ಕಳ ಅಶ್ಲೀಲ ಚಿತ್ರದ ವಿಷಯವಾದರೆ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ತಿಳಿಸಬಹುದು. ನಮ್ಮ ವ್ಯಾಪ್ತಿಯಲ್ಲ ಎಂದು ಠಾಣೆಯವರು ತಿರುಗಿಸಿ ಕಳುಹಿಸುವಂತಿಲ್ಲ, ಯಾವ ಠಾಣೆಯಲ್ಲಾದರೂ ಮಾಹಿತಿ ದಾಖಲಿಸಿಕೊಳ್ಳಬೇಕು. 1930 ನಂಬರು ಮುಖ್ಯವಾಗಿ ಹಣದ ವಂಚನೆಗೆ, ಅದಕ್ಕೆ ಮಾಡಿ ಕಾಯುತ್ತಾ ಕೂರಬೇಡಿ.

ನಾನು ದುಬೈಯಲ್ಲಿದ್ದೇನೆ, ಊರಿನವರ ಬಗ್ಗೆ ಏನು ಬರೆದರೂ ನಡೆಯುತ್ತದೆ ಎಂದುಕೊಂಡವರಿಗೂ ಇದೇ ಸಂಹಿತೆ ಅನ್ವಯಿಸುತ್ತದೆ. ಭಾರತೀಯ ನಾಗರಿಕ ಹೊರದೇಶದಲ್ಲಿ ಮಾಡಿದ ಅಪರಾಧಕ್ಕೂ ಅಲ್ಲಿ ಮೊಕದ್ದಮೆ ಹೂಡಬಹುದು. ಲುಕ್‌ಔಟ್ ನೋಟಿಸ್ ಹೊರಟಿದ್ದರೆ ಇಮಿಗ್ರೇಷನ್ ಕೌಂಟರಿನಲ್ಲೇ ತಡೆಯುತ್ತಾರೆ, ಹೊರಗೆ ಮಕ್ಕಳು ಕಾಯುತ್ತಾ ನಿಂತಿರುತ್ತಾರೆ.

ಕೊನೆಯದಾಗಿ ರಾಜಿಯ ವಿಷಯ. ರಮದಾನ್‌ನಲ್ಲಿ ಹಿರಿಯರು ಸೇರಿ ಇಬ್ಬರನ್ನೂ ಕೂರಿಸಿ ಕೈಕುಲುಕಿಸುವುದು ಒಳ್ಳೆಯ ಕೆಲಸವೇ. ಆದರೆ ನೊಂದವನ ಮೇಲೆ ಕ್ಷಮಿಸಲೇಬೇಕೆಂದು ಒತ್ತಡ ಹಾಕುವುದನ್ನು ನಾನು ಒಪ್ಪುವುದಿಲ್ಲ. ಕ್ಷಮೆ ಅವನ ಹಕ್ಕು, ನಮ್ಮದಲ್ಲ. ಮೊದಲು ಸ್ಟಿಕ್ಕರ್ ಅಳಿಯಲಿ, ಅಡ್ಮಿನ್‌ಗೆ ಗ್ರೂಪಿನಲ್ಲಿ ಬೇರೆಯವರ ಮೆಸೇಜನ್ನೂ ಅಳಿಸುವ ಅವಕಾಶವಿದೆ. ಸಾಕ್ಷ್ಯ ತೆಗೆದಿಟ್ಟಿದ್ದಾರೆಯೇ ಎಂದು ನೊಂದವನನ್ನು ಕೇಳಿಕೊಂಡು ಅದನ್ನು ಬಳಸಲಿ. ಯಾವ ಗ್ರೂಪಿನಲ್ಲಿ ಅವಮಾನವಾಯಿತೋ ಅಲ್ಲೇ ತಪ್ಪೊಪ್ಪಿಗೆ ಬರಲಿ. ದೂರು ಈಗಾಗಲೇ ದಾಖಲಾಗಿದ್ದರೆ ಬಾಯಿಮಾತಿನ ರಾಜಿಯಿಂದ ಅದು ಮುಗಿಯುವುದಿಲ್ಲ. ದೂರುದಾರನೇ ಠಾಣೆಗೆ ಅಥವಾ ಪ್ರಾಸಿಕ್ಯೂಷನ್‌ಗೆ ಹೋಗಿ ತನಾಝುಲ್, ಅಂದರೆ ದೂರು ಹಿಂತೆಗೆದ ಪತ್ರಕ್ಕೆ ಸಹಿ ಹಾಕಬೇಕು. ನೊಂದವನ ದೂರಿನ ಮೇಲೆ ನಿಂತಿರುವ ಪ್ರಕರಣಗಳಲ್ಲಿ ಅಂತಿಮ ತೀರ್ಪಿಗೆ ಮೊದಲು ಹೀಗೆ ಮಾಡಿದರೆ ಪ್ರಕರಣ ಮುಗಿಯುತ್ತದೆ. ಹಿಂತೆಗೆದುಕೊಳ್ಳಲು ಇಷ್ಟು ಹಣ ಕೊಡು ಎಂದು ಮೆಸೇಜಿನಲ್ಲಿ ಕೇಳಬೇಡಿ, ಅದನ್ನೇ ಬೆದರಿಕೆಯೆಂದು ತೋರಿಸಬಹುದು. ಪರಿಹಾರದ ಮಾತಿದ್ದರೆ ಅಧಿಕಾರಿಗಳ ಎದುರಿಗೇ ಆಗಲಿ.

ಹಿಂತೆಗೆದ ಪತ್ರದ ಪ್ರತಿ ಇಬ್ಬರ ಬಳಿಯೂ ಇರಲಿ. ಈದ್‌ಗೆ ಊರಿಗೆ ಹೊರಡುವ ಅವಸರದಲ್ಲಿರುವ ಆರೋಪಿ ಟಿಕೆಟ್ ಮಾಡುವ ಮೊದಲು, ಪ್ರಕರಣ ಮುಚ್ಚಿದೆಯೇ, ಪ್ರಯಾಣ ನಿರ್ಬಂಧವೇನಾದರೂ ಇದ್ದರೆ ಅದನ್ನು ತೆಗೆದಿದ್ದಾರೆಯೇ ಎಂದು ದೂರಿನ ನಂಬರ್ ಕೊಟ್ಟು ಠಾಣೆಯಲ್ಲಿ ವಿಚಾರಿಸಿಕೊಳ್ಳಬೇಕು.